ನೂರಿಯ ಕುತ್ತಿಗೆಯ ಕೀವು

ನೂರಿ ಎಂಬ ಬಿಳಿ ಕುದುರೆ ಹಿಂಗಾಲಿಗೆ ತಗಡು ಕೊಯ್ದುಕೊಂಡು ಆಸ್ಪತ್ರೆಗೆ ಬಂದಿತ್ತು. ಹನ್ನೆರಡನೇ ದಿನಕ್ಕೆ ಕಾಲಿನ ಗಾಯ ಒಣಗುತ್ತ ಬಂತು. ಆದರೆ ಸಲೈನ್ ಹಚ್ಚಲು ಕುತ್ತಿಗೆಗೆ ಸೂಜಿ ಚುಚ್ಚಿದ್ದ ಜಾಗ ಬಾತುಕೊಂಡು ಹಸಿರು ಕೀವು ಸೋರತೊಡಗಿತು. ರಘೂತ್ತಮನಿಗೆ ಇದರ ತಲೆಬುಡ ತಿಳಿಯಲಿಲ್ಲ. ಹೊರಗಿನಿಂದ ತಂದ ಅಷ್ಟುದ್ದ ಗಾಯ ಮಾಯುತ್ತಿದೆ. ತಾವೇ ಮಾಡಿದ ಸಾಸಿವೆಯಷ್ಟು ತೂತು ಕೊಳೆಯುತ್ತಿದೆ.

ಹುಮನಾಬಾದ್ ರಸ್ತೆಯ ಆ ಖಾಸಗಿ ಪಶು ಆಸ್ಪತ್ರೆಯಲ್ಲಿ ಅವನು ಒಂಬತ್ತು ವರ್ಷದಿಂದ ಡ್ರೆಸ್ಸಿಂಗ್ ಮಾಡುತ್ತಿದ್ದ. ಹಗಲು ಔಷಧದಂಗಡಿಯಲ್ಲಿ ನಿಂತು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಹೀಗಾಗಿ ತನ್ನ ತಿಳಿವಳಿಕೆಯ ಮೇಲೆ ಅವನಿಗೆ ಎಂದೂ ಪೂರ್ತಿ ನಂಬಿಕೆ ಇರಲಿಲ್ಲ. ಆ ಕೊರತೆಯನ್ನು ಶುಚಿಯಿಂದ ತುಂಬಿಕೊಳ್ಳುತ್ತಿದ್ದ. ಅವನಷ್ಟು ಸಲ ಕೈ ತೊಳೆಯುವವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕೀವಿನ ಪರೀಕ್ಷೆಯ ವರದಿ ಬಂದಾಗ ಡಾಕ್ಟರ್ ಸುಮೇಧಾ ಕುದುರೆಯ ಮಾಲೀಕ ಚಾಂದಪಾಶಾನನ್ನು ಕರೆದರು. ಕಮಲಾಪುರದ ಚಾಂದಪಾಶಾನ ಮನೆ ನಡೆಯುವುದೇ ಮದುವೆಗಳಲ್ಲಿ ವರನನ್ನು ಹೊರುವ ಎರಡು ಕುದುರೆಗಳಿಂದ.

"ಚಾಚಾ, ಲ್ಯಾಬಿನಾಗ ಈ ಬ್ಯಾಕ್ಟೀರಿಯಾಕ್ಕ ಹನ್ನೊಂದು ಔಷಧ ಹಾಕಿ ನೋಡ್ಯಾರ. ಹತ್ತಕ್ಕ ಜಗ್ಗವಲ್ದು."

"ಒಂದಕ್ಕ ಜಗ್ಗತದಲ್ರಿ, ಅದೇ ಹಾಕ್ರಿ."

"ಇವತ್ತಿಂದ ಹಾಕ್ತೀನಿ. ಆದ್ರ ಅದು ಕಿಡ್ನಿಗಿ ಭಾರ, ಭಾಳ ದಿನ ಕೊಡಾಕ ಬರೂದಿಲ್ಲ. ಎಲ್ಲಿಂದ ಬರಾಕತ್ತದ ಅನ್ನೂದು ಸಿಗಲಿಲ್ಲ ಅಂದ್ರ ಮತ್ತ ಹತ್ತತದ. ಹಂಗಾದ್ರ ಕುದುರಿ ಉಳಿಯೂದು ಕಷ್ಟ."

ಗೊಂದಲಕ್ಕೆ ಇನ್ನೊಂದು ಕಾರಣವಿತ್ತು. ಮಹಾಗಾಂವದ ದೌಲಪ್ಪನ ಕಂದು ಕುದುರೆ ಹೊಟ್ಟೆಶೂಲೆಗೆಂದು ಬಂದು ಅಂಗಳದಾಚೆಯ ಬೇರೆ ಕೋಣೆಯಲ್ಲಿತ್ತು. ಅದರ ಮೈಮೇಲೆ ಗಾಯವೇ ಇರಲಿಲ್ಲ. ಆದರೆ ಸೂಜಿ ಚುಚ್ಚಿದ್ದ ಅದರ ಕುತ್ತಿಗೆಯಲ್ಲೂ ಅದೇ ಕೀವು, ಅದೇ ವರದಿ. ಎರಡೂ ಒಂದರ ಮುಖ ಒಂದು ನೋಡಿರಲಿಲ್ಲ.

"ನಿಮ್ಮ ಕುದುರಿ ನೊಣ ಹಾರಿ ನಮ್ಮ ಕಡೆ ಬಂದಾವ," ಎಂದ ಚಾಂದಪಾಶಾ.

"ನಮ್ಮ ನೊಣ ಮಹಾಗಾಂವದಾಗೇ ಅದಾವಪ್ಪ," ಎಂದ ದೌಲಪ್ಪ. "ಇಲ್ಲೀ ತನಕ ಅವಕ್ಕ ಬಸ್ ಟಿಕೀಟು ಯಾರು ತಗಸ್ತಾರ?"

ರಘೂತ್ತಮ ನಗಲಿಲ್ಲ. ಎರಡೂ ಕುದುರೆಗಳ ಕುತ್ತಿಗೆಯನ್ನು ದಿನವೂ ಮುಟ್ಟುವವನು ತಾನೇ ಎಂಬುದು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಆಡುತ್ತಿತ್ತು. ರೋಗ ಚಾಂದಪಾಶಾನ ಲಾಯದಿಂದಲೇ ಬಂದಿರಬಹುದು ಎಂದು ತನಗೆ ತಾನೇ ಹೇಳಿಕೊಂಡು, ರಜೆಯಿದ್ದ ಭಾನುವಾರ ಕಮಲಾಪುರದ ಬಸ್ಸು ಹತ್ತಿದ. ಆ ಲಾಯ ಹೊಲಸಾಗಿರಲಿ ಎಂದು ಬಯಸುತ್ತಿದ್ದೇನೆ ಎಂಬುದು ದಾರಿಯಲ್ಲಿ ಹೊಳೆದು ಅವನಿಗೆ ನಾಚಿಕೆಯಾಯಿತು.

ಲಾಯ ಗುಡಿಸಿ ಇಟ್ಟಂತಿತ್ತು. ಚಾಂದಪಾಶಾನ ಹೆಂಡತಿ ಮುನೀರಾ ಇನ್ನೊಂದು ಕುದುರೆಯ ಬೆನ್ನಿನ ಹುಣ್ಣು ತೊಳೆಯುತ್ತಿದ್ದಳು. ಕಾಯಿಸಿದ ನೀರು, ಉಪ್ಪು, ಹರಿದ ಬಿಳಿ ಅರಿವೆ. ಮುಗಿದ ಮೇಲೆ ಅರಿವೆಯನ್ನು ಒಲೆಗೆ ಹಾಕಿ, ಉಳಿದ ಅರ್ಧ ತಂಬಿಗೆ ನೀರನ್ನೂ ಚೆಲ್ಲಿದಳು.

"ಇನ್ನೂ ನೀರಿತ್ತಲ್ರಿ?" ಎಂದ ರಘೂತ್ತಮ.

"ಹುಣ್ಣಿಗಿ ಮುಟ್ಟಿದ ಕೈ ಅದರಾಗ ಅದ್ದೀನಿ ಭೈಯಾ. ಇಟ್ಕೊಂಡು ಏನ್ ಮಾಡ್ಲಿ? ನಾಳಿಗಿ ಬ್ಯಾರೆ ಕಾಯಿಸ್ತೀನಿ."

ಅವಳು ಕೊಟ್ಟ ಚಹಾ ಅವನ ಕೈಯಲ್ಲೇ ಆರಿತು. ಆಸ್ಪತ್ರೆಯಲ್ಲಿ ಅವನದೊಂದು ಸ್ಟೀಲ್ ಡಬ್ಬಿಯಿತ್ತು. ಅದರಲ್ಲಿ ಕ್ರಿಮಿನಾಶಕ ಬೆರೆಸಿದ ನೀರಿನಲ್ಲಿ ನೆನೆದ ಹತ್ತಿಯ ಉಂಡೆಗಳು. ಸೂಜಿ ಚುಚ್ಚುವ ಮುಂಚೆ ಚರ್ಮ ಒರೆಸುವುದು ಅದರಿಂದಲೇ. ಡಬ್ಬಿ ಬರಿದಾಗಲು ಅವನು ಎಂದೂ ಬಿಟ್ಟವನಲ್ಲ. ಪ್ರತಿ ಬೆಳಿಗ್ಗೆ ಹಳೆಯದರ ಮೇಲೆ ಹೊಸ ಹತ್ತಿ, ಹೊಸ ನೀರು. ತಳ ಕಾಣುವಂತೆ ತೊಳೆದದ್ದು ಯಾವಾಗ? ನೆನಪಾಗಲಿಲ್ಲ. ಆದರೆ ಕೊಲ್ಲುವ ಔಷಧದೊಳಗೇ ಕ್ರಿಮಿ ಬದುಕುವುದುಂಟೇ? ಬಸ್ಸಿನ ದಾರಿಯುದ್ದಕ್ಕೂ ಒಮ್ಮೆ ಉಂಟು ಎನ್ನಿಸಿತು, ಒಮ್ಮೆ ಇಲ್ಲ ಎನ್ನಿಸಿತು.

ಸೋಮವಾರ ಡಾಕ್ಟರಿಗಿಂತ ಮೊದಲೇ ಹೋದ. ಡಬ್ಬಿಯನ್ನು ಕುದಿಸಿ ತೊಳೆದಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಪಾಯ ಹೋಯಿತೋ ಇಲ್ಲವೋ ಎಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ. ಡಬ್ಬಿ ಹಿಡಿದು ಬಾಗಿಲಲ್ಲಿ ಅರ್ಧ ತಾಸು ನಿಂತ.

ಸುಮೇಧಾ ಎಲ್ಲವನ್ನೂ ಕೇಳಿಸಿಕೊಂಡು, ಚಿಮಟದಿಂದ ತಳದ ಹತ್ತಿಯೊಂದನ್ನು ಎತ್ತಿ ಶೀಶೆಗೆ ಹಾಕಿದರು.

"ಔಷಧದಾಗ ಹುಳ ಹ್ಯಾಂಗ ಬದುಕ್ತಾವ ಮೇಡಂ?"

"ನೀರಾದ ಔಷಧ ದಿನಾ ಚೂರು ಚೂರು ಕುಡಿಸಿದ್ರ ಅವಕ್ಕೂ ರೂಢಿ ಆಗತದ. ಮ್ಯಾಲ ನೀವು ಹೆಪ್ಪು ಉಳಿಸಿದಂಗ ಹಳೇದು ಉಳಿಸೀರಿ." ಅವರು ಶೀಶೆಯ ಬಾಯಿ ಮುಚ್ಚಿದರು. "ಆ ಡಬ್ಬ್ಯಾಗಿಂದ ನಾನೂ ಹತ್ತಿ ತಗೊಂಡೀನಿ. ಮುಚ್ಚಳ ತಗದು ಒಂದಿನಾನೂ ನೋಡಲಿಲ್ಲ."

ನಾಲ್ಕನೇ ದಿನ ವರದಿ ಬಂತು. ಡಬ್ಬಿಯಲ್ಲೂ ಅದೇ ಬ್ಯಾಕ್ಟೀರಿಯಾ. ಕೀವಿನ ಜೊತೆ ಬಂದಿದ್ದ ನೂರಿಯ ಜ್ವರ ನೂರಾಮೂರು ಡಿಗ್ರಿಯಲ್ಲೇ ನಿಂತಿತ್ತು. ಮಾಲೀಕರಿಗೆ ನಾನೇ ಹೇಳುತ್ತೇನೆ ಎಂದರು ಸುಮೇಧಾ. ರಘೂತ್ತಮ ಬೇಡವೆಂದು ತಾನೇ ಮೊದಲು ನೂರಿಯ ಕೋಣೆಗೆ ಹೋದ.

ಅವನು ಹೇಳಿದ್ದನ್ನು ಚಾಂದಪಾಶಾ ಎರಡು ಸಲ ಹೇಳಿಸಿಕೊಂಡ.

"ಅಂದ್ರ ಒರಿಸಿದ್ದಕ್ಕೇ ಬಂದದ?"

"ಹೌದು ಚಾಚಾ."

"ಒರಿಸ್ದೇ ಇದ್ರ ಬರ್ತಿದ್ದಿಲ್ಲ?"

"ಒರಿಸ್ದೇ ಇದ್ರ ಬ್ಯಾರೆ ಏನರೆ ಬರ್ತಿತ್ತು."

ಚಾಂದಪಾಶಾ ಕುದುರೆಯ ಕಿವಿಯ ಹಿಂದೆ ಕೆರೆದ. "ನೀವು ಹೊಲಸ ಮನಷ್ಯಾ ಆಗಿದ್ರ ಚಲೋ ಇತ್ತು ನೋಡ್ರಿ. ಬಾಯಿಗಿ ಬಂದಂಗ ಬೈತಿದ್ದೆ. ಇದಕ್ಕ ಸಿಟ್ಟು ಹ್ಯಾಂಗ ಮಾಡಬೇಕು?" ಆಮೇಲೆ ಮೆಲ್ಲಗೆ ಹೇಳಿದ, "ಹಂಗಂತ ಇನ್ನ ಆಕೀನ ಮುಟ್ಟಬ್ಯಾಡ್ರಿ. ಏನ್ ಮಾಡಬೇಕು ಹೇಳ್ರಿ, ನಾನೇ ಮಾಡ್ತೀನಿ."

ರಘೂತ್ತಮ ಹೊಸ್ತಿಲಾಚೆ ನಿಂತು, ಆಗಷ್ಟೇ ಒಡೆದ ಪ್ಯಾಕೆಟ್ಟಿನಿಂದ ಹತ್ತಿಯನ್ನು ಹೇಗೆ ತೆಗೆಯಬೇಕು, ನಡುವಿನಿಂದ ಹೊರಕ್ಕೆ ಹೇಗೆ ಒರೆಸಬೇಕು ಎಂದು ಹೇಳಿಕೊಟ್ಟ. ಹೇಳುವಾಗಲೇ ಇದೂ ಸರಿಯೋ ತಪ್ಪೋ ಎಂಬ ಅನುಮಾನ ಬಂದು ಎರಡು ಸಲ ಡಾಕ್ಟರನ್ನು ಕೇಳಿ ಬಂದ.

ಮೂರನೇ ಬೆಳಿಗ್ಗೆ ಜ್ವರ ಒಂದು ಡಿಗ್ರಿ ಇಳಿದು, ನೂರಿ ಮೇವಿಗೆ ಬಾಯಿ ಹಾಕಿತು. ಆ ಹನ್ನೊಂದನೇ ಔಷಧದಿಂದಲೋ, ತಾನು ದೂರ ನಿಂತದ್ದರಿಂದಲೋ ರಘೂತ್ತಮನಿಗೆ ತಿಳಿಯಲಿಲ್ಲ. ಚಾಂದಪಾಶಾ ಒಳಗಿನಿಂದ ಹೊಸ ಪ್ಯಾಕೆಟ್ ಕೇಳಿದ. ಅದನ್ನು ಹೊಸ್ತಿಲ ಮೇಲಿಟ್ಟು ರಘೂತ್ತಮ ಕೈ ಹಿಂದಕ್ಕೆ ಎಳೆದುಕೊಂಡ.