ಲೈನು ಕಟ್ಟಾಗಬಾರದು

ಯಂಗ್‌ರಾನ್ ರಿಸೀವರನ್ನು ಕುಕ್ಕಿದಳು. ಮನೆಯ ಫೋನು ಈಗಲೂ ಎಂಗೇಜ್. ಗಂಡ ದೋಸಿಕ್ ಸತ್ತ ಸಂಜೆಯಿಂದ ಅವಳು ದೇಜಾನ್ ಆಸ್ಪತ್ರೆಯಲ್ಲಿ ಶವವಿಟ್ಟು ಅಂತಿಮ ನಮನಕ್ಕೆ ಬಂದವರನ್ನು ಕೂರಿಸುವ ಈ ಹಾಲ್‌ನಲ್ಲೇ ಇದ್ದಾಳೆ. ಮನೆಯಲ್ಲಿ ಅತ್ತೆ ಒಬ್ಬಳೇ. ಅವರ ಪದ್ಧತಿಯಂತೆ ಮಗನ ಅಂತ್ಯಕ್ರಿಯೆಗೆ ಹೆತ್ತವರು ಬರುವಂತಿಲ್ಲ. ಆ ಮುದುಕಿ ಯಾರೊಡನೆ ಇಷ್ಟೊಂದು ಮಾತಾಡುತ್ತಾಳೆ?

ದೋಸಿಕ್‌ನ ಮೇಲಧಿಕಾರಿ ಪ್ಯೋ, ಬಂದವರಿಗೆಲ್ಲ ಬಡಿಸಿದ್ದ ಕೆಂಪು ಸಾರಿನ ಬಟ್ಟಲು ಸರಿಸಿ ಹತ್ತಿರ ಬಂದ.

"ಬೇಜಾರ್ ಮಾಡ್ಕೋಬೇಡಮ್ಮ. ದೋಸಿಕ್ ತನ್ನ ಆಫೀಸಿನ ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ನಾ?"

"ಯಾಕೆ ಸರ್?"

"ಅವನ ಹೆಸರಲ್ಲಿ ಯಾರೋ ಫೋನ್ ಲೈನಿಂದ ನಮ್ಮ ಆಫೀಸಿನ ದೊಡ್ಡ ಕಂಪ್ಯೂಟರಿಗೆ ಇನ್ನೂ ಸೇರ್ಕೊಂಡಿದಾರೆ. ಸುಮ್ನೆ ಬಿಟ್ರೆ ಲೈನ್ ತಾನಾಗೇ ಕಟ್ಟಾಗ್ಬೇಕು. ಯಾರೋ ಕೂತು ಕೀ ಒತ್ತುತ್ತಿದಾರೆ. ಕಳ್ಳ ಸಿಗ್ಲಿ ಅಂತ ನಾವೂ ಬಿಟ್ಟಿದೀವಿ."

ಹೆಣ ಕಾಯುವ ರಾತ್ರಿ ಕಳೆಯಲು ವಾಡಿಕೆಯಂತೆ ಇಸ್ಪೀಟು ಆಡುತ್ತಿದ್ದ ಸಹೋದ್ಯೋಗಿಗಳ ಕೈ ನಿಂತಿತು. "ಪಾಸ್‌ವರ್ಡ್ ಮಾರ್ಕೊಂಡಿರ್ತಾನೆ ಬಿಡಿ," ಎಂದ ಒಬ್ಬ. "ಬಾಯೇ ಬಿಡ್ದೋನ ಹೊಟ್ಟೇಲಿ ಏನಿತ್ತೋ."

ಯಂಗ್‌ರಾನ್‌ಗೆ ಮೈಯೆಲ್ಲ ಉರಿಯಿತು. ಹೆಣ ಒಳಗಿರುವಾಗಲೇ ಕಳ್ಳನ ಪಟ್ಟ ಕಟ್ಟುತ್ತಿದ್ದಾರೆ. ಆದರೂ, ನಮ್ಮನೆ ಫೋನೂ ಎಂಗೇಜೇ ಇದೆ ಎಂಬ ಮಾತನ್ನು ಅವಳು ನುಂಗಿಕೊಂಡಳು. ಗಂಡನ ಮೇಲೆ ಅವಳಿಗೂ ಅನುಮಾನ ಹುಟ್ಟಿತ್ತು.

"ಮಣ್ಣಿಗೆ ಹೋಗೋ ಮುಂಚೆ ಶವದ ಬಂಡಿ ನಿಮ್ಮನೆ ಮುಂದೆ ನಿಲ್ಲುತ್ತಲ್ಲ," ಎಂದ ಪ್ಯೋ. "ನಾನೂ ಒಳಗ್ ಬಂದು ನೋಡ್ತೀನಿ."

*

ಅನುಮಾನ ಅವಳಿಗೆ ಹೊಸದಲ್ಲ. ಸಂಜೆಯಾದರೆ ದೋಸಿಕ್ ಮನೆಯ ಫೋನಿನ ತಂತಿಯನ್ನು ಕಂಪ್ಯೂಟರಿನ ಮೋಡೆಮ್ಮಿಗೆ ಸಿಕ್ಕಿಸಿ, ಆಫೀಸಿನ ಲೈನು ಹಿಡಿದು ಕೂತುಬಿಡುತ್ತಿದ್ದ. ಲೈನು ಸಿಗುವುದೇ ಕಷ್ಟ, ಸಿಕ್ಕರೂ ಆಮೆ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಅವನು ಒಂದು ಹೋಳು ಮೂಲಂಗಿ ಅಗಿದು ಮುಗಿಸುತ್ತಿದ್ದ.

"ಯಾವಳ ಜೊತೆ ಸರಸ?"

ಅವನು ಪರದೆ ತೋರಿಸುತ್ತಿದ್ದ. "ಇವಳ ಜೊತೆನೇ. ಒಂದ್ ಮಾತಿಗೆ ಹತ್ತು ಸಲ ಯೋಚ್ನೆ ಮಾಡಿ ಉತ್ರ ಕೊಡ್ತಾಳೆ. ನೀನೂ ಕಲಿ."

ಆ ಸಂಜೆಯೂ ಹಾಗೇ ಕೂತಿದ್ದವನು ಸಿಗರೇಟಿಗೆಂದು ಎದ್ದುಹೋದ. ಅಂಗಡಿಯ ಬಾಗಿಲಲ್ಲೇ ಕುಸಿದ.

*

ಬಂಡಿ ಮನೆಯ ಮುಂದೆ ನಿಂತಿತು. ಪ್ಯೋ ಶೂ ಕಳಚಿ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದ.

ಕಂಪ್ಯೂಟರಿನ ಮುಂದೆ ಅತ್ತೆ ಕೂತಿದ್ದಳು. ಅಕ್ಷರ ಬಾರದ ಆ ಮುದುಕಿ ಹಸಿರು ಪರದೆಯನ್ನೇ ನೋಡುತ್ತ ಉದ್ದನೆಯ ಕೀಯನ್ನು ಒಮ್ಮೆ ಒತ್ತಿದಳು.

"ಏನ್ ಮಾಡ್ತಿದೀರತ್ತೆ?"

"ಅಮ್ಮಾ, ನಾನ್ ಬರೋವರ್ಗೂ ಆಗಾಗ ಇದನ್ನ ಒತ್ತು, ಲೈನ್ ಕಟ್ಟಾಗ್ಬಾರ್ದು ಅಂದಿದ್ದ. ಸತ್ತಿದ್ದು ಗೊತ್ತು ಕಣೆ. ಆದ್ರೂ ಇವತ್ತು ಬಾಗಿಲಿಗೆ ಬರ್ತಾನಲ್ಲ." ಅವಳು ಪ್ಯೋನತ್ತ ತಿರುಗಿದಳು. "ಅವನಾಫೀಸಿನೋರಾ? ಸ್ವಲ್ಪ ಇಲ್ಲಿ ಕೂತ್ಕೊಳ್ಳಪ್ಪ. ಅವನನ್ನ ಮುಟ್ಟಿ ಬರ್ತೀನಿ."

ಪ್ಯೋ ಕೂತ. ಬೀದಿಯಿಂದ ಮುದುಕಿಯ ಅಳು ಕೇಳಿಬಂತು. ಅವನು ತಲೆ ತಗ್ಗಿಸಿ ಉದ್ದನೆಯ ಕೀಯನ್ನು ಒತ್ತಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ.