ಹನ್ನೊಂದನೇ ನಂಬರ್ ಬಸ್ಸಿನ ಮಣ್ಣು

"ಇಳಿಯೇ, ಕಸದ ಮೂಳಿ! ಸೀಟೆಲ್ಲ ನಾರಿಸ್ಬಿಟ್ಯಲ್ಲ!"

ಬಸ್ಸಿನ ಇನ್‌ಸ್ಪೆಕ್ಟರ್ ಗೆಂಚೆವ್ ಸೆವ್ದಾಳನ್ನು ಪೊರಕೆ ಸಮೇತ ಇಗರ್ಜಿ ತಿರುವಿನಲ್ಲಿ ಇಳಿಸಿದ.

"ನಮ್ ಕೇರಿ ಇನ್ನೂ ಮ್ಯಾಲೈತೆ, ಸಾಮಿ."

"ಇವತ್ತಿಂದ ಬಸ್ಸು ಇಲ್ಲಿಗೇ ಕೊನೆ. ಜಿಪ್ಸಿ ಮುಂಡೇವಕ್ಕೆ ಕಾಲಿಲ್ವಾ?"

ಕಾಲಿದ್ದವು. ಆದರೆ ಮಂಜಿನಲ್ಲಿ ಗುಡ್ಡ ಇಳಿದು ಓಡೋಡಿ ಬಂದರೂ ಬೆಳಗಿನ ಬಸ್ಸು ಕಣ್ಣೆದುರೇ ತಿರುಗಿಕೊಂಡು ಹೋಗುತ್ತಿತ್ತು. ಏಳಕ್ಕೆ ಬಲ್ಗೇರಿಯನ್ನರ ಪೇಟೆ ಬೀದಿ ಗುಡಿಸಬೇಕಾದವಳಿಗೆ ಆ ವಾರದಲ್ಲೇ ಎರಡು ಸಲ ತಡವಾಯಿತು. ಮೂರನೇ ಸಲಕ್ಕೆ ಕೆಲಸ ಹೋಗುತ್ತದೆಂದು ಮೇಸ್ತ್ರಿ ಹೇಳಿಯಾಗಿತ್ತು.

ಆ ರಸ್ತೆ ಕಡಿದವರೇ ಕೇರಿಯವರು. ಐವತ್ತು ವರ್ಷದ ಕೆಳಗೆ, "ರಸ್ತೆ ಇಲ್ದಲ್ಲಿ ಬಸ್ಸೆಲ್ಲಿಂದ ಬರ್ತದೆ?" ಎಂದು ಕಚೇರಿಯವರು ಅಟ್ಟಿದಾಗ, ಭಾನುವಾರ ಭಾನುವಾರ ಗುಡ್ಡ ಒಡೆದರು. ಸೆವ್ದಾಳ ಅಪ್ಪನ ಎರಡು ಬೆರಳು ಆ ಕಲ್ಲಿನಡಿಯಲ್ಲೇ ಉಳಿದವು. ಮೊದಲ ದಿನ ಬಸ್ಸು ಬಂದಾಗ ಉಳಿದ ಮೂರರಲ್ಲೇ ಅದರ ಮೂತಿ ಸವರಿದ್ದ. ನಿಲ್ದಾಣದ ಕಂಬ ನೆಟ್ಟವನೂ ಅವನೇ. ಈಗ ಅದನ್ನು ಕಿತ್ತು ಚರಂಡಿಗೆ ಎಸೆದಿದ್ದರು.

ಕೇರಿಯವರು ಅರ್ಜಿ ಬರೆದು ಇಗರ್ಜಿ ಗೋಡೆಗೆ ಅಂಟಿಸಿದರು. ಗೆಂಚೆವ್ ಹರಿದ. ಇನ್ನೊಂದು ಅಂಟಿಸಿದರು. ಅದರಲ್ಲಿ ಬೂಟು ಒರೆಸಿಕೊಂಡ. ಪಕ್ಕದಲ್ಲೇ ಸತ್ತವರ ಫೋಟೋ ಹಾಕಿದ ಸಾವಿನ ಚೀಟಿಗಳು ಬಿಸಿಲಿಗೆ ಹಳದಿಯಾಗಿದ್ದರೂ ಒಂದರ ಅಂಚೂ ಹರಿದಿರಲಿಲ್ಲ. ಆ ಊರಿನಲ್ಲಿ ಕಳ್ಳನೂ ಸಾವಿನ ಚೀಟಿ ಮುಟ್ಟುವುದಿಲ್ಲ.

ಸೆವ್ದಾ ಚೀಟಿಗಳನ್ನೇ ನೋಡುತ್ತ ನಿಂತಳು. ಆಮೇಲೆ ಕಿಸಕ್ಕನೆ ನಕ್ಕಳು.

"ಯಾಕೇ, ದೆವ್ವ ಮೆಟ್ಕೊಂತಾ?" ಎಂದಳು ಜೊತೆಗಿದ್ದ ಮುದುಕಿ ಮಿಂಕಾ.

"ಸಾವಿನ ಗೋಧಿ ಬೇಯಾಕಿಡು, ಅತ್ತೆ. ನಮ್ಮನೇಲಿ ಸಾವಾಗೈತೆ."

ಮೂರು ದಿನದಲ್ಲಿ ಊರಿನ ಕಂಬಕಂಬಕ್ಕೂ ಕರಿ ಅಂಚಿನ ಚೀಟಿ ಬಿತ್ತು. ಮೇಲೆ ಬಸ್ಸಿನ ಫೋಟೋ. ಕೆಳಗೆ: 'ಹನ್ನೊಂದನೇ ನಂಬರ್ ಬಸ್ಸು. ವಯಸ್ಸು ಐವತ್ತು. ಗುಡ್ಡದ ಕೇರಿಯ ಮಗ. ಕಾಯಿಲೆ ಏನೂ ಇರಲಿಲ್ಲ. ಮಣ್ಣು ಸೋಮವಾರ ಬೆಳಿಗ್ಗೆ ಐದೂವರೆಗೆ, ಇಗರ್ಜಿ ತಿರುವಿನಲ್ಲಿ.'

ಸೋಮವಾರ ಬಸ್ಸು ತಿರುವಿಗೆ ಬಂದಾಗ ಎದುರಿಗೆ ನಾಲ್ವರು ಹೆಂಗಸರು, ಚರಂಡಿಯಿಂದೆತ್ತಿ ಬಿಳಿ ದುಪ್ಪಟಿ ಸುತ್ತಿದ ಕಂಬ ಹೆಗಲ ಮೇಲೆ. ಮುಂದಿನ ಹೆಗಲು ಸೆವ್ದಾಳದು. ಬಸ್ಸಿನ ಹಿಂದೆ ಮೇಣದ ಬತ್ತಿ ಹಿಡಿದ ಮುದುಕಿಯರು. ಡ್ರೈವರ್ ಡಿಂಕೊ ಟೊಪ್ಪಿಗೆ ತೆಗೆದು ಬಸ್ಸು ನಿಲ್ಲಿಸಿದ.

"ದಾಟ್ಸೋ!" ಒಳಗಿಂದ ಗೆಂಚೆವ್ ಕಿರುಚಿದ.

"ಹೆಣ ದಾಟ್ಕೊಂಡು ಹೋದೋನು ವರ್ಷ ಉಳಿಯಲ್ಲ, ಸಾರ್."

"ಕಬ್ಬಿಣದ ಕಂಬ ಕಣೋ ಅದು, ಬೋಳಿಮಗನೆ!"

"ಚೀಟಿ ಐತಲ್ಲ ಸಾರ್. ಅದನ್ನ ಹರಿದಾಕಿ, ದಾಟಿಸ್ತೀನಿ."

ಗೆಂಚೆವ್ ದಡದಡ ಇಳಿದು ಗೋಡೆಯ ಚೀಟಿಗೆ ಕೈ ಹಾಕಿದ. ಕರಿ ಅಂಚು ತಾಗಿದ್ದೇ ತಡ, ಕಾದ ಕಾವಲಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಮಿಂಕಾ ಬಟ್ಟಲು ಹಿಡಿದಳು.

"ತಗೊಳ್ಳಪ್ಪ, ಸತ್ತೋರ ಗೋಧಿ. ಬ್ಯಾಡ ಅನ್ಬಾರ್ದು."

ಅಂಗೈ ತಾನಾಗಿ ಚಾಚಿತು. ಸತ್ತವರ ಗೋಧಿ ತಗೊಂಡವರೆಲ್ಲ ಹೇಳುವಂತೆ ಬಾಯಿ ತಾನಾಗಿ "ದೇವರು ಕ್ಷಮಿಸಲಿ" ಎಂದಿತು.

"ಯಾರನ್ನಪ್ಪಾ?" ಎಂದಳು ಮಿಂಕಾ.

ಅವನು ಗೋಧಿ ಬಾಯಿಗೆ ಹಾಕಿಕೊಂಡು ಬಸ್ಸು ಹತ್ತಿ ಕೂತ. ಹೆಣ ಮುಂದೆ, ಬಸ್ಸು ಹಿಂದೆ, ಆಮೆಯ ಹಾಗೆ ಗುಡ್ಡ ಹತ್ತಿತು. ಕೇರಿಯಲ್ಲಿ ಹಳೇ ಗುಳಿ ಬಾಯ್ತೆರೆದು ಕಾದಿತ್ತು. ಕಂಬ ಇಳಿಸಿ, ಸುತ್ತ ಕಲ್ಲು ಜಡಿದು, ದುಪ್ಪಟಿ ಬಿಚ್ಚಿದರು. ಡಿಂಕೊ ಬಸ್ಸು ತಿರುಗಿಸಿ ಕಂಬದ ಬುಡದಲ್ಲಿ ನಿಲ್ಲಿಸಿದ.

ಸೆವ್ದಾ ಹತ್ತಿ ಗೆಂಚೆವ್‌ನ ಪಕ್ಕದಲ್ಲೇ ಕೂತು ಪೊರಕೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.

"ಮೂರ್ನೇ ದಿನದ ತಿಥಿ ಐತೆ ಸಾಮಿ, ಒಂಬತ್ನೇದೈತೆ, ನಲವತ್ನೇದೈತೆ. ಬಸ್ಸು ಮ್ಯಾಲಕ್ಕೆ ಬರ್ದಿದ್ದ ದಿನ ಗೋಧಿ ಬೆಂದೇ ಇರ್ತದೆ. ಬಿಡಣ್ಣ ಡಿಂಕೊ, ಗಂಟೆ ಏಳಾಯ್ತದೆ."

ಬಸ್ಸು ಇಳಿಯತೊಡಗಿತು. ಗೆಂಚೆವ್‌ನ ಬಾಯಲ್ಲಿ ಗೋಧಿ ಹಾಗೇ ಇತ್ತು, ನುಂಗಲೂ ಇಲ್ಲ, ಉಗುಳಲೂ ಇಲ್ಲ.