ಬಟಾಣಿಗೆ ಗೊತ್ತಿದ್ದದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬಟಾಣಿಯ ವಿಷಯ ಬಂದಾಗಲೆಲ್ಲ ಸರ್ಕಾರವನ್ನು ಬೈಯುತ್ತೇನೆ, ಕಚೇರಿಯವರನ್ನು ಬೈಯುತ್ತೇನೆ, ಎದುರಿಗೆ ಸಿಕ್ಕ ಅಡುಗೆಯ ಅಕ್ಕನನ್ನೂ ಬೈಯುತ್ತೇನೆ. ಎಲ್ಲರನ್ನೂ ಬೈದು ಮುಗಿದ ಮೇಲೆ ಉಳಿಯುವವಳು ನಾನೊಬ್ಬಳೇ.

ನಾನು ಶಿಶುಕೇಂದ್ರದ ಟೀಚರ್. ಕೂಲಿನಾಲಿ ಮಾಡುವವರ ಮಕ್ಕಳು, ಎರಡೂವರೆಯಿಂದ ಐದು ವರ್ಷದವರೆಗಿನವರು, ಬೆಳಗ್ಗೆ ಏಳಕ್ಕೆ ಬಂದರೆ ಸಂಜೆ ಐದರವರೆಗೆ ನಮ್ಮ ಹತ್ತಿರ ಇರುತ್ತಾರೆ. ಖರ್ಚೆಲ್ಲ ಸರ್ಕಾರದ್ದು. ಎರಡು ಕೋಣೆ, ಮಂಡಿಯೆತ್ತರದ ಇಪ್ಪತ್ತು ಕುರ್ಚಿ, ಗೋಡೆಗೆ ಸಾಲಾಗಿ ಹೊಡೆದ ಮೊಳೆಗಳು. ಅಕ್ಷರ ಬಾರದ ಮಗುವಿಗೂ ತನ್ನ ಚೀಲದ ಜಾಗ ಗೊತ್ತಾಗಲಿ ಎಂದು ಪ್ರತಿ ಮೊಳೆಯ ಮೇಲೂ ಒಂದೊಂದು ಚಿತ್ರ ಅಂಟಿಸಿದ್ದೇನೆ. ಕೆಲಸಕ್ಕೆ ಇರುವುದು ನಾನು ಮತ್ತು ಅಡುಗೆಯ ಅಕ್ಕ ಇಬ್ಬರೇ. ಇಪ್ಪತ್ತೆರಡು ವರ್ಷ ಊರಿನವರ ಮಕ್ಕಳ ಮೂಗು ಒರೆಸಿ ನನ್ನ ಹೆಬ್ಬೆರಳು ಸವೆದಿದೆ ಎಂದು ಅವಳು ಆಡಿಕೊಳ್ಳುತ್ತಾಳೆ.

ಬಟಾಣಿ ನಮ್ಮಲ್ಲಿಗೆ ಬಂದಾಗ ಅವಳಿಗೆ ಮೂರು ತುಂಬಿತ್ತು. ದುಂಡು ಮುಖ ನೋಡಿ ಆ ಹೆಸರಿಟ್ಟದ್ದು ಅಕ್ಕ. ಮಗುವಿನ ಬಾಯಲ್ಲಿ ಒಂದೇ ಒಂದು ಮಾತಿಲ್ಲ. ಬಿದ್ದು ಮಂಡಿ ತರಚಿಕೊಂಡರೆ ಬಾಯಿ ಅಗಲವಾಗುತ್ತಿತ್ತು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಕಿವುಡಿರಬಹುದೇ ಎಂದು ಅವಳ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ. ಬೆಚ್ಚಿ ತಿರುಗಿದಳು. ಕಿವಿ ಚೆನ್ನಾಗಿಯೇ ಇತ್ತು.

ಅವಳ ತಾಯಿ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಗಂಡ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಕೇಳಿದ್ದಕ್ಕೆ ನೆಲ ನೋಡುತ್ತಾ ಹೇಳಿದಳು.

"ಕೆಲಸಕ್ಕೆ ಜೊತೇಲೇ ಕರ್ಕೊಂಡು ಹೋಗ್ತಿದ್ದೆ ಟೀಚರ್. ಅಲ್ಲಿ ಮಕ್ಕಳನ್ನ ಬಿಡಲ್ಲ. ಮೈಲಿಗೆ ಬಟ್ಟೆ ತುಂಬೋ ಗಾಡಿ ಇರುತ್ತಲ್ಲ, ಅದರ ಹಿಂದೆ ಕೂರಿಸ್ತಿದ್ದೆ. ಸದ್ದು ಮಾಡಿದ್ರೆ ನಮ್ಮಿಬ್ರನ್ನೂ ಹೊರಗೆ ಹಾಕ್ತಾರೆ ಅಂತ ಹೇಳಿದ್ದೆ. ಒಂದು ದಿನಾನೂ ಸದ್ದು ಮಾಡ್ಲಿಲ್ಲ. ಪಾಪ, ಹೇಳಿದ ಮಾತು ಕೇಳೋ ಮಗು."

ಅಷ್ಟು ಚೆನ್ನಾಗಿ ಮಾತು ಕೇಳುವ ಮಗುವಿಗೆ ಮಾತು ಕಲಿಸಲು ನನಗೆ ಏಳು ತಿಂಗಳು ಹಿಡಿಯಿತು. ಹಾಡಿದೆ, ಕುಣಿದೆ, ಕೋತಿಯ ಹಾಗೆ ಹಲ್ಲು ಕಿರಿದೆ. ಒಂದು ಬೆಳಗ್ಗೆ ಹಾಲು ಕುಡಿದು ಮುಗಿಸಿ ಲೋಟವನ್ನು ಅಕ್ಕನ ಮುಂದೆ ಹಿಡಿದು "ಇನ್ನೂ" ಎಂದಳು. ಅಕ್ಕ ಲೋಟ ತುಂಬಿಸುವುದು ಬಿಟ್ಟು ಗೋಡೆಗೆ ಮುಖ ಮಾಡಿ ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಆಮೇಲೆ ಬಟಾಣಿಯ ಬಾಯಿಗೆ ಬೀಗವೇ ಇರಲಿಲ್ಲ. ಅಕ್ಕನನ್ನು "ನಿನ್ನ ಹಲ್ಲು ಎಲ್ಲಿ ಹೋಯ್ತು, ಹುಡ್ಕೊಡ್ಲಾ?" ಎಂದು ಕೇಳುವಳು. ಇಪ್ಪತ್ತರವರೆಗೆ ಎಣಿಸುವಳು. ಹದಿನಾಲ್ಕನ್ನು ಕಂಡರೆ ಅದೇಕೋ ಆಗದು, ಅದನ್ನು ಹಾರಿಸಿಯೇ ಮುಂದೆ ಹೋಗುವಳು. ನಾಯಿಮರಿ ಕಂಡರಂತೂ ಅದರ ಅಪ್ಪ ಅಮ್ಮನ ವಿಚಾರವೆಲ್ಲ ನಾವು ಹೇಳಬೇಕಿತ್ತು.

ಆರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಬಗ್ಗೆ ಒಂದು ಫಾರಂ ತುಂಬಿ ಕಳಿಸಬೇಕು. ಮೂವತ್ತು ಪ್ರಶ್ನೆ: ಮಾತಾಡುತ್ತದೆಯೇ, ಬಣ್ಣ ಗುರುತಿಸುತ್ತದೆಯೇ, ಎಣಿಸುತ್ತದೆಯೇ. ಬಟಾಣಿಯ ಫಾರಂ ತುಂಬಿದ ದಿನ ನಾನು ಹೆತ್ತವಳಿಗಿಂತ ಹೆಚ್ಚು ಬೀಗಿದ್ದೆ. ಮೂವತ್ತಕ್ಕೆ ಮೂವತ್ತೂ ಹೌದು ಎಂದು ಬರೆದೆ. ಜಾಗ ಸಾಲದೆ ಬೇರೆ ಹಾಳೆ ಲಗತ್ತಿಸಿ, ಈ ಮಗು ಎಲ್ಲಿಂದ ಎಲ್ಲಿಗೆ ಬಂದಿದೆ ನೋಡಿ ಎಂದು ಕಚೇರಿಗೆ ಎರಡು ಪುಟ ಕೊಚ್ಚಿಕೊಂಡೆ.

ಫಾರಮಿನ ಜೊತೆ ಒಂದು ಸುತ್ತೋಲೆಯೂ ಬಂದಿತ್ತು. ವರ್ಷಕ್ಕೆ ಅಂಥವು ನಲವತ್ತು ಬರುತ್ತವೆ. ಸಹಿ ಹಾಕಿ ಫೈಲಿಗೆ ಸೇರಿಸಿದ್ದೆ, ಓದಿರಲಿಲ್ಲ. ಚಿಕ್ಕ ಮಕ್ಕಳಿಗೆಂದು ಇಟ್ಟಿದ್ದ ಹಣದಲ್ಲಿ ಸರ್ಕಾರ ಅರ್ಧ ಕಡಿತ ಮಾಡಿತ್ತು. ಇನ್ನು ಮುಂದೆ ಇಡೀ ದಿನದ ಜಾಗ ಹಿಂದುಳಿದ ಮಕ್ಕಳಿಗೆ ಮಾತ್ರ. ಚೆನ್ನಾಗಿ ಕಲಿತವರು ಜಾಗ ಬಿಡಬೇಕು. ಬೇರೆ ಕೇಂದ್ರಗಳ ಟೀಚರುಗಳು ಓದಿಕೊಂಡಿದ್ದರು. ಅವರ ಮಕ್ಕಳೆಲ್ಲ ಆ ವರ್ಷ ಕಾಗದದ ಮೇಲೆ ದಡ್ಡರಾದರು, ಜಾಗ ಉಳಿಸಿಕೊಂಡರು.

ನಮ್ಮಲ್ಲಿ ಆ ಮಟ್ಟ ದಾಟಿದ್ದು ಬಟಾಣಿಯೊಬ್ಬಳೇ. ಅವಳ ಮನೆಗೆ ಪತ್ರ ಹೋಯಿತು. ಮಗು ನಿರೀಕ್ಷಿತ ಮಟ್ಟ ತಲುಪಿರುವುದು ಸಂತೋಷದ ವಿಷಯ, ತಿಂಗಳ ಕೊನೆಗೆ ಸ್ಥಾನ ತೆರವು ಮಾಡುವುದು. ತಾಯಿ ಅದನ್ನು ಹಿಡಿದುಕೊಂಡು ಕೆಲಸದಿಂದ ನೇರ ಬಂದಳು. ಬ್ಲೀಚಿನಲ್ಲಿ ನೆನೆದ ಬೆರಳುಗಳು ಬಿಳುಚಿ ಸುಕ್ಕಾಗಿದ್ದವು.

"ಮತ್ತೆ ಆ ಗಾಡಿ ಹಿಂದೇನೇ ಕೂರಿಸ್ಬೇಕಾ ಟೀಚರ್? ಈಗ ಅವಳು ಸುಮ್ನೆ ಕೂರೋಳಲ್ಲ. ಒಂದೇ ದಿನಕ್ಕೆ ನನ್ನ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಮನೆ ಬಾಡಿಗೆ ಎಲ್ಲಿಂದ ತರ್ಲಿ?" ಎಂದವಳು ತಡೆದು, "ನೀವು ಒಳ್ಳೇದಕ್ಕೇ ಬರ್ದಿದ್ರಿ. ನಂಗೊತ್ತು," ಎಂದಳು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ.

ಮರುದಿನವೇ ಕಚೇರಿಗೆ ಹೋಗಿ ಗಲಾಟೆ ಮಾಡಿದೆ. ಗುಮಾಸ್ತ ಕಿವಿ ಕೆರೆದುಕೊಳ್ಳುತ್ತಾ, ಒಂದು ಸಲ ಮೇಲ್ಮನವಿ ಕೊಡಬಹುದು ಎಂದ. ಅಧಿಕಾರಿಯೊಬ್ಬರು ಬಂದು ಮಗುವನ್ನು ಪರೀಕ್ಷೆ ಮಾಡುತ್ತಾರೆ. ಮೂವತ್ತಕ್ಕೆ ಹತ್ತರ ಒಳಗೆ ಬಂದರೆ ಜಾಗ ಉಳಿಯುತ್ತದೆ. ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಉಪಾಯ ನನ್ನದೇ, ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ತಾಯಿ ಅಳುಕಿದಳು. "ಸುಳ್ಳು ಹೇಳ್ಬಾರ್ದು ಅಂತ ನೀವೇ ಕಲ್ಸಿದ್ದೀರ. ಮನೇಲಿ ನಂಗೇ ಪಾಠ ಹೇಳ್ತಾಳೆ."

"ಸುಳ್ಳು ಯಾಕಮ್ಮ ಆಗುತ್ತೆ? ಆಟ ಅಂತ ಹೇಳ್ತೀನಿ ಬಿಡು," ಎಂದೆ.

ಒಂದು ವಾರ ಮಧ್ಯಾಹ್ನ ಉಳಿದವರು ಮಲಗಿದ ಮೇಲೆ ನಾನೂ ಬಟಾಣಿಯೂ ಆ ಆಟ ಆಡಿದೆವು. ನಾನು ಚಮಚ ಎತ್ತಿ ಹಿಡಿದು ಇದೇನು ಎನ್ನುವೆ.

"ಚಮಚ."

"ಹಾಗಲ್ಲ ಬಟಾಣಿ. ಇದು ಗೊತ್ತಿಲ್ಲ ಅನ್ನೋ ಆಟ. ನಿಂಗೆ ಏನೂ ಗೊತ್ತಿಲ್ಲ."

"ಆದ್ರೆ ಅದು ಚಮಚ ಅಲ್ವಾ?"

"ಚಮಚಾನೇ. ಆದ್ರೂ ನಿಂಗೆ ಗೊತ್ತಿಲ್ಲ."

ಮೊದಲೆರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೀಚರಿಗೆ ತಲೆ ಕೆಟ್ಟಿದೆ ಎಂದು ಅಕ್ಕನ ಬಳಿ ಹೋಗಿ ಹೇಳಿದಳು. ಮೂರನೆಯ ದಿನ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು.

"ಮಾತಾಡಿದ್ರೆ ಹೊರಗೆ ಹಾಕ್ತಾರಾ ಟೀಚರ್?"

ಇಲ್ಲ ಎನ್ನಬೇಕಿತ್ತು. ನನ್ನ ಇಪ್ಪತ್ತೆರಡು ವರ್ಷದ ಕಸುಬು ಆ ಒಂದು ಇಲ್ಲಕ್ಕಾಗಿಯೇ ಇದ್ದದ್ದು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ನಾನು ಹೂಂ ಎಂದೆ. ಅಲ್ಲಿಂದ ಮುಂದೆ ಅವಳು ಒಂದು ತಪ್ಪೂ ಮಾಡಲಿಲ್ಲ.

ಪರೀಕ್ಷೆಗೆ ಬಂದ ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು. ಕೆಟ್ಟವಳಾಗಿರುತ್ತಾಳೆ ಎಂದು ನಾನು ಮೊದಲೇ ಕತ್ತಿ ಮಸೆದುಕೊಂಡು ಕೂತಿದ್ದೆ. ಅವಳು ಚಪ್ಪಲಿ ಹೊರಗೆ ಬಿಟ್ಟು ಬಂದು ಮಗುವಿನ ಎದುರು ನೆಲದ ಮೇಲೆ ಕೂತಳು. ತನ್ನ ಕೈಗಡಿಯಾರ ಬಿಚ್ಚಿ ಅವಳಿಗೆ ನೋಡಲು ಕೊಟ್ಟಳು. ಆಮೇಲೆ ಒಂದೊಂದೇ ಚಿತ್ರ ತೋರಿಸಿದಳು. ಕೊಡೆ, ಕುರ್ಚಿ, ಮೀನು. ಪ್ರತಿ ಚಿತ್ರಕ್ಕೂ ಬಟಾಣಿ ಮೊದಲು ನನ್ನನ್ನು ನೋಡುವಳು, ಆಮೇಲೆ ತಲೆ ತಗ್ಗಿಸುವಳು. ಗುಂಡಿಗಳನ್ನು ಎಣಿಸು ಎಂದಾಗ ಬೆರಳುಗಳು ತಾವಾಗಿಯೇ ಮುಂದೆ ಹೋದವು. ತಕ್ಷಣ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು. ನಾಯಿಮರಿಯ ಚಿತ್ರ ಬಂತು. ಅವಳ ತುಟಿ ಬಿರಿಯಿತು. ತುಟಿ ಮತ್ತೆ ಮುಚ್ಚಿಕೊಂಡಿತು.

ಅಧಿಕಾರಿ ಚಿತ್ರಗಳನ್ನು ಬದಿಗಿಟ್ಟಳು. ಅವಳ ದನಿ ಇನ್ನಷ್ಟು ಮೆತ್ತಗಾಯಿತು.

"ಹೋಗ್ಲಿ ಬಿಡು ಪುಟ್ಟಿ. ನಿನ್ನ ಹೆಸರೇನು ಹೇಳು."

ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಮಗು ನನ್ನ ಕಡೆ ತಿರುಗಿತು. ಹೇಳಲೇ ಬೇಡವೇ ಎಂದು ಕಣ್ಣಲ್ಲೇ ಕೇಳುತ್ತಿತ್ತು. ಹೇಳು ಎಂದು ನಾನು ತಲೆಯಾಡಿಸಿದ್ದರೆ ಏನೂ ಕೊಳ್ಳೆ ಹೋಗುತ್ತಿರಲಿಲ್ಲ, ಒಂದು ಅಂಕ ಅಷ್ಟೆ. ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ. ಮುಖ ತಪ್ಪಿಸಿ ಕಿಟಕಿ ನೋಡಿದೆ.

"ಗೊತ್ತಿಲ್ಲ," ಎಂದಳು ಬಟಾಣಿ.

ಮೂವತ್ತಕ್ಕೆ ಮೂರು ಬಂತು. ಅಧಿಕಾರಿ ನನ್ನ ಹಳೆಯ ಫಾರಮನ್ನೂ ಆ ಎರಡು ಪುಟಗಳನ್ನೂ ಮೇಜಿನ ಮೇಲಿಟ್ಟು, "ಇದು ಯಾರು ಬರ್ದಿದ್ದು?" ಎಂದಳು.

"ನಾನೇ ಮೇಡಂ. ಸ್ವಲ್ಪ ಹೆಚ್ಚಾಗೇ ಬರ್ದುಬಿಟ್ಟಿದ್ದೆ."

"ತಪ್ಪು ಅಂತ ಬರ್ದು ಸಹಿ ಮಾಡ್ಕೊಡಿ."

ಮಗು ಮಾತಾಡುವುದಿಲ್ಲ, ಎಣಿಸುವುದಿಲ್ಲ, ಹಿಂದೆ ಬರೆದದ್ದು ನಿಜವಲ್ಲ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಅಧಿಕಾರಿ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಲ್ಲ ತಿಳಿದಿತ್ತು ಎಂದೇ ಅನಿಸುತ್ತದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದಳು.

"ಜಾಗ ಉಳಿಯುತ್ತೆ. ಆದ್ರೆ ಮೂರು ತಿಂಗಳಿಗೊಂದ್ಸಲ ಬಂದು ನೋಡ್ತೀವಿ ಟೀಚರ್. ಸುಧಾರಿಸಿದ್ರೆ ಬಿಡಿಸ್ಬೇಕಾಗುತ್ತೆ. ನನ್ನ ಕೈಲಿ ಇರೋದು ಇಷ್ಟೇ."

ಸಂಜೆ ತಾಯಿ ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮ ಋಣ ಹೇಗೆ ತೀರಿಸ್ಲಿ," ಎಂದಳು. ಆ ಮಾತು ಕೇಳಿ ನನಗೆ ಸತ್ತು ಹೋಗಬೇಕೆನಿಸಿತು. ಬೇಗ ಮನೆಗೆ ಹೋಗು, ಮಗುವಿಗೆ ನಿದ್ದೆ ಬಂದಿದೆ ಎಂದು ಗದರಿ ಕಳಿಸಿದೆ.

ಮರುದಿನ ಬಟಾಣಿ ಹಾಲು ಕುಡಿದು ಖಾಲಿ ಲೋಟ ಹಿಡಿದುಕೊಂಡು ಕೂತಿದ್ದಳು. ಅಕ್ಕ ಎರಡು ಸಲ ಎದುರಿಗೆ ಹೋಗಿ ನಿಂತಳು. ಮಗು ಏನೂ ಕೇಳಲಿಲ್ಲ. ನಾನು ಚಿತ್ರದ ಪುಸ್ತಕ ತಂದು ಪಕ್ಕದಲ್ಲಿ ಕೂತು ಅವಳನ್ನು ತೊಡೆಗೆ ಎಳೆದುಕೊಂಡೆ. ಪುಟ ತಿರುಗಿಸಿದೆ. ಅವಳು ಚಿತ್ರ ನೋಡಲಿಲ್ಲ. ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ಟೀಚರ್, ಇವತ್ತು ನಂಗೆ ಗೊತ್ತಾ, ಗೊತ್ತಿಲ್ವಾ?"

"ಗೊತ್ತು ಕಂದಾ. ಇವತ್ತು ನಿಂಗೆ ಎಲ್ಲಾ ಗೊತ್ತು," ಎಂದೆ.

ಅವಳು ಪುಸ್ತಕ ಮುಚ್ಚಿಬಿಟ್ಟಳು.

"ನಾಳೆ?"

ನಾಳೆಯೂ ಗೊತ್ತು ಎಂದೆ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ನಾನು ನಿಜ ಹೇಳುತ್ತಿದ್ದೇನೋ ಆಟ ಆಡುತ್ತಿದ್ದೇನೋ ಎಂದು ನೋಡುತ್ತಾ ಕೂತಳು.